ಅರವತ್ತು ನಿಮಿಷಕ್ಕೆ ಹಿಡಿಸಿದ ಹಾಡು

ತಿರುವನಂತಪುರದ ಕರಮನೆಯಲ್ಲಿರುವ ಚಂದ್ರಹಾಸರ ಮನೆಯನ್ನು ಹುಡುಕಿಕೊಂಡು ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಬರುತ್ತಾರೆ. ಹೆಚ್ಚಿನವರು ಹುಡುಗರು, ಕಪ್ಪು ಟೀ ಶರ್ಟು, ಬೆನ್ನಿಗೊಂದು ಚೀಲ. ಚಪ್ಪಲಿ ಬಿಚ್ಚಿ ಒಳಗೆ ಬಂದು, ಅವರ ಹೆಂಡತಿ ಸುಮತಿ ಕೊಟ್ಟ ನೀರು ಕುಡಿದು, ಗೋಡೆಯ ಮೇಲಿನ ಪಟಗಳನ್ನು ನೋಡುತ್ತ ಸ್ವಲ್ಪ ಹೊತ್ತು ಕೂತು, ಕೊನೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ.

“ಅಂಕಲ್, ನಿಮ್ಮ ಕ್ಯಾಸೆಟ್ಟಿನಲ್ಲಿ ಹಾಡಿದ ಆ ಮಗು ಯಾರು?”

“ಮಗು ಅಲ್ಲ. ಜಾಯ್ಸ್ ಅಂತ. ಆಗ ಅವಳಿಗೆ ಇಪ್ಪತ್ತೆಂಟು ವರ್ಷ. ಚರ್ಚಿನಲ್ಲಿ ಹಾಡುವಾಗ ಗಂಡಸರ ಸಾಲಿನ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು, ಅಷ್ಟು ದಪ್ಪ ದನಿ.”

ಹುಡುಗರು ತಲೆಯಾಡಿಸುತ್ತಾರೆ. ನಂಬುವುದಿಲ್ಲ. ಮುದುಕ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬಂತೆ ಪರಸ್ಪರ ಮುಖ ನೋಡಿಕೊಂಡು, ಒಂದು ಸೆಲ್ಫಿ ತೆಗೆದುಕೊಂಡು ಹೊರಡುತ್ತಾರೆ.

ಚಂದ್ರಹಾಸರಿಗೆ ಈಗ ಅರವತ್ಮೂರು. ಊರು ಕಾಸರಗೋಡಿನ ಕುಂಬಳೆ. ಇಪ್ಪತ್ನಾಲ್ಕನೇ ವಯಸ್ಸಿಗೆ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಸಿಕ್ಕಿ ಕೊಚ್ಚಿಗೆ ಬಂದರು. ಬರುವಾಗ ಅವರ ಹತ್ತಿರ ಇದ್ದದ್ದು ಒಂದು ಟ್ರಂಕು ಮತ್ತು ಊರಿನ ಭಜನಾ ಮಂದಿರದಲ್ಲಿ ಕಲಿತ ಹಾರ್ಮೋನಿಯಂ. ಬಾಡಿಗೆಗೆ ಕೋಣೆ ಸಿಕ್ಕಿದ್ದು ಫೋರ್ಟ್ ಕೊಚ್ಚಿಯಲ್ಲಿ. ಹಡಗಿನವರು ತಂದು ಬಿಟ್ಟುಹೋದ ಇಂಗ್ಲಿಷ್ ರೆಕಾರ್ಡುಗಳು ಆ ಬೀದಿಯ ಮನೆಮನೆಯಲ್ಲೂ ಇದ್ದವು. ಅಲ್ಲಿಯೇ ಅವರು ಮೊದಲ ಬಾರಿಗೆ ಪ್ರೊಗ್ರೆಸಿವ್ ರಾಕ್ ಕೇಳಿದ್ದು. ಮೂರು ನಿಮಿಷಕ್ಕೆ ಮುಗಿಯುವ ಹಾಡಲ್ಲ. ರೆಕಾರ್ಡಿನ ತಟ್ಟೆಯ ಒಂದು ಮಗ್ಗುಲು ಪೂರ್ತಿ ಹರಿಯುವ ಒಂದೇ ಹಾಡು, ನಡುವೆ ತಾಳ ಬದಲಾಗುವುದು, ಎಲ್ಲಿಂದಲೋ ಆರ್ಗನ್ ಏರಿಬರುವುದು. ಏಳು ಪೆಟ್ಟಿನ ಲೆಕ್ಕ ಬಂದಾಗ ಕೊಚ್ಚಿಯ ಗೆಳೆಯರು ತಡವರಿಸುತ್ತಿದ್ದರು. ಭಜನೆಯ ತಾಳದಲ್ಲಿ ಬೆಳೆದ ಚಂದ್ರಹಾಸರಿಗೆ ಅದು ನಡೆದಷ್ಟು ಸಲೀಸು. ಹೊರದೇಶಗಳಲ್ಲಿ ಆ ಬಗೆಯ ಸಂಗೀತದ ಕಾಲ ಮುಗಿದು ಆಗಲೇ ಹತ್ತು ವರ್ಷವಾಗಿತ್ತು ಎಂಬುದು ಇವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾಲ್ಕು ಮಂದಿ ಸೇರಿ ತಂಡ ಕಟ್ಟಿದರು. ಗಿಟಾರಿಗೆ ಉಪೇಂದ್ರ, ಮಟ್ಟಾಂಚೇರಿಯ ಕೊಂಕಣಿ ಮನೆತನದ ಒಣಶುಂಠಿ ವ್ಯಾಪಾರಿಯ ಮಗ. ಡ್ರಮ್ಮಿಗೆ ಫೋರ್ಟ್ ಕೊಚ್ಚಿಯದೇ ಒಬ್ಬ. ಆಮೇಲೆ ಶಾರ್ಜಾಕ್ಕೆ ಹೋಗಿ ಅಲ್ಲೇ ತೀರಿಕೊಂಡ. ಹಾಡಲು ಜಾಯ್ಸ್, ಹಡಗಿನ ಏಜೆಂಟರ ಕಚೇರಿಯಲ್ಲಿ ಟೈಪಿಸ್ಟ್. ಆರ್ಗನ್ ಚಂದ್ರಹಾಸರದು. ಅದು ಒಂದು ಸಣ್ಣ ಚಾಪೆಲ್‌ನಿಂದ ಕೇಳಿ ತಂದ, ಕಾಲಿನಿಂದ ತುಳಿದು ಗಾಳಿ ತುಂಬುವ ಆರ್ಗನ್. ಅದರ ಶ್ರುತಿ ಯಾವ ಲೆಕ್ಕಕ್ಕೂ ಕೂರುತ್ತಿರಲಿಲ್ಲ. ಅದನ್ನು ತಿದ್ದಲು ಬಾರದ್ದರಿಂದ ಗಿಟಾರನ್ನೂ ದನಿಯನ್ನೂ ಅದಕ್ಕೇ ಹೊಂದಿಸಿಕೊಂಡರು.

ಅವರ ಆಲ್ಬಮ್‌ನ ಹೆಸರು ‘ದಿ ಡ್ರೆಜರ್’. ಕೊಚ್ಚಿ ಬಂದರಿನ ಹೂಳು ತೆಗೆಯುವ ಹಡಗಿನ ಕಥೆ. ಹಗಲಿಡೀ ತೆಗೆದ ಕೆಸರು ಮಳೆಗಾಲಕ್ಕೆ ಮತ್ತೆ ಬಂದು ತುಂಬುತ್ತದೆ. ಹಡಗು ಮತ್ತೆ ತೋಡುತ್ತದೆ. ಪದಗಳನ್ನು ಬರೆದದ್ದು ಜಾಯ್ಸ್. ರೆಕಾರ್ಡಿಂಗ್ ನಡೆದದ್ದು ೧೯೮೭ರಲ್ಲಿ, ಎರ್ನಾಕುಳಂನ ಒಂದು ಸ್ಟುಡಿಯೋದಲ್ಲಿ, ಕರೆಂಟು ಕೈಕೊಡುತ್ತಿದ್ದುದರಿಂದ ಜನರೇಟರಿನ ಮೇಲೆ.

ಅದೇ ತಿಂಗಳು ಚಂದ್ರಹಾಸರಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಹಾಗಾಗಿ ಕ್ಯಾಸೆಟ್ ನಕಲು ಮಾಡಿಸುವ ಕೆಲಸವೂ ಅಲ್ಲಿನ ಚಾಲೈ ಬಜಾರಿನ ಒಂದು ಅಂಗಡಿಗೆ ಬಂತು. ಉಳಿದ ಮೂವರು ಬೆಳಗಿನ ರೈಲಿಗೆ ತಂಪಾನೂರಿನ ನಿಲ್ದಾಣದಲ್ಲಿ ಇಳಿದು, ಟೇಪಿನ ದೊಡ್ಡ ಸುರುಳಿಯನ್ನು ಮಗುವಿನಂತೆ ಎತ್ತಿಕೊಂಡು ಬಂದರು. ಅಂಗಡಿಯವನು ಒಮ್ಮೆ ಪೂರ್ತಿ ಓಡಿಸಿ ನೋಡಿ ತಲೆ ಕೆರೆದುಕೊಂಡ.

“ನನ್ನ ಹತ್ತಿರ ಇರುವುದು ಅರವತ್ತು ನಿಮಿಷದ ಕ್ಯಾಸೆಟ್. ನಿಮ್ಮದು ಅದಕ್ಕಿಂತ ಎಷ್ಟೋ ಉದ್ದ ಉಂಟು. ಸ್ವಲ್ಪ ಕತ್ತರಿಸಿ.”

ಕತ್ತರಿಸುವುದು ಯಾರದನ್ನು? ಉಪೇಂದ್ರನ ಗಿಟಾರ್ ಎರಡು ಕಡೆ ಒಂಟಿಯಾಗಿ ಹರಿಯುತ್ತಿತ್ತು. ಒಂದನ್ನೂ ಬಿಡಲಾರೆ ಎಂದ. ಡ್ರಮ್ಮಿನವನು ಒಂದು ಪೆಟ್ಟು ಕಡಿಮೆಯಾದರೂ ತನ್ನ ಹೆಸರು ತೆಗೆಯಿರಿ ಎಂದ. ಚಂದ್ರಹಾಸರು ತಮ್ಮ ಏಳು ಪೆಟ್ಟಿನ ಆರ್ಗನ್ ಇಲ್ಲದಿದ್ದರೆ ಹಡಗು ಹೊರಡುವುದೇ ಇಲ್ಲ ಎಂದು ವಾದಿಸಿದರು. ಬಿಟ್ಟುಕೊಡಲು ಒಪ್ಪಿದವಳು ಜಾಯ್ಸ್ ಒಬ್ಬಳೇ.

“ನನ್ನ ಎರಡು ಚರಣ ತೆಗೆಯಿರಿ. ಅದೇ ಮಾತು ಇನ್ನೊಂದು ಕಡೆಯೂ ಬರುತ್ತದೆ.”

“ಅದು ಹೇಗಾಗುತ್ತದೆ? ಕಥೆ ಇರುವುದೇ ಅದರಲ್ಲಿ” ಎಂದು ಮೂವರೂ ಒಟ್ಟಿಗೆ ಹೇಳಿದರು. ಆ ಇಡೀ ದಿನ ಅವರು ಒಂದೇ ದನಿಯಲ್ಲಿ ಹೇಳಿದ ಮಾತು ಅದೊಂದೇ.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯವನಿಗೆ ಬೇಸರ ಬಂತು. ಯಂತ್ರದಲ್ಲಿ ಒಂದು ತಿರುಪು ಇತ್ತು. ಅದನ್ನು ತುಸು ತಿರುಗಿಸಿದರೆ ಟೇಪು ಬೇಗ ಓಡುತ್ತದೆ, ಎಲ್ಲವೂ ಹಿಡಿಸುತ್ತದೆ, ಯಾರದೂ ಹೋಗುವುದಿಲ್ಲ. ಆತ ಕಿವಿಯ ಅಂದಾಜಿನಲ್ಲೇ ತಿರುಗಿಸಿದ. ಮೂವರೂ ಕೇಳಿ ಹುರುಪಾಗಿದೆ ಎಂದರು. ಜಾಯ್ಸ್ ಮಾತ್ರ ಸ್ಪೀಕರಿನ ಕಡೆ ತಿರುಗಿ ನಕ್ಕಳು.

“ಇದು ಯಾರು?”

ಎಲ್ಲರೂ ನಕ್ಕರು. ಇನ್ನೂರು ಕ್ಯಾಸೆಟ್ ತಯಾರಾದವು.

ಕ್ಯಾಸೆಟ್ ಮಾರಾಟವಾದದ್ದು ಅರ್ಧ. ತಂಡ ಮರುವರ್ಷವೇ ಚದುರಿತು. ಆದರೆ ಒಂದು ಕ್ಯಾಸೆಟ್ ಯಾವನೋ ನಾವಿಕನ ಪೆಟ್ಟಿಗೆಯಲ್ಲಿ ಯುರೋಪು ಸೇರಿತ್ತು. ಇಪ್ಪತ್ತು ವರ್ಷದ ಮೇಲೆ ಅದು ಇಂಟರ್ನೆಟ್ಟಿಗೆ ಏರಿತು. ಮರೆತುಹೋದ ಸಂಗೀತವನ್ನು ಹುಡುಕುವುದೇ ಹವ್ಯಾಸವಾಗಿರುವವರು ಕೇಳಿದರು, ಬರೆದರು, ಹೊಗಳಿದರು. ಹೊಗಳಿಕೆಯೆಲ್ಲ ಹೋಗಿ ನಿಂತದ್ದು ದನಿಯ ಮೇಲೆ. ಕೆಸರು, ಕಬ್ಬಿಣ, ಯಂತ್ರದ ಸದ್ದು. ಅದರ ಮೇಲೆ ತೇಲುವ ಒಂದು ಮಗುವಿನ ದನಿ. ಎಂಥ ಕಲ್ಪನೆ ಎಂದು ಒಬ್ಬ ಬರೆದ. ಆಮೇಲೆ ಬಂದವರೆಲ್ಲ ಅದನ್ನೇ ಬರೆದರು. ಹದಿನೈದು ವರ್ಷಗಳಿಂದ ಆ ಕೀರ್ತಿ ಒಂದಿಷ್ಟೂ ಇಳಿದಿಲ್ಲ.

ಕಳೆದ ವರ್ಷದ ಫೆಬ್ರವರಿಯಲ್ಲಿ ಗ್ರೀಷ್ಮಾಳ ಫೋನು ಬಂತು. ಮಟ್ಟಾಂಚೇರಿಯ ಹಳೆಯ ಮಸಾಲೆ ಗೋದಾಮೊಂದರಲ್ಲಿ ಚಿತ್ರ ಪ್ರದರ್ಶನ, ಸಂಗೀತ ಇತ್ಯಾದಿ ನಡೆಸುವ ಹೆಣ್ಣುಮಗಳು. ಜರ್ಮನಿಯ ಒಂದು ಸಣ್ಣ ಕಂಪನಿ ‘ದಿ ಡ್ರೆಜರ್’ ಅನ್ನು ದೊಡ್ಡ ತಟ್ಟೆಗಳಲ್ಲಿ ಮತ್ತೆ ಹೊರತರುತ್ತಿದೆ, ತನಗೆ ಇಲ್ಲಿನ ಕೆಲಸ ಒಪ್ಪಿಸಿದೆ ಎಂದಳು. ಎಲ್ಲರ ಒಪ್ಪಿಗೆ ಬೇಕಿತ್ತು. ಚಂದ್ರಹಾಸರು ಜಾಯ್ಸ್‌ಳನ್ನು ನೋಡಿಬರುತ್ತೇನೆ ಎಂದರು.

“ಈಗ ಕೊಚ್ಚಿಗೆ ಎಂತಕ್ಕೆ?” ಸುಮತಿ ಕೇಳಿದಳು. “ಫೋನಿನಲ್ಲಿ ಹೇಳಿದರೆ ಆಗುವುದಿಲ್ಲವಾ?”

“ಅವಳಿಗೆ ಫೋನಿನಲ್ಲಿ ಮಾತಾಡಲಿಕ್ಕೆ ಆಗುವುದಿಲ್ಲ.”

ಆಗುತ್ತಿರಲಿಲ್ಲ, ನಿಜ. ಹನ್ನೊಂದು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆದಮೇಲೆ ಜಾಯ್ಸ್‌ಳಲ್ಲಿ ಉಳಿದದ್ದು ಉಸಿರಿನಷ್ಟು ಪಿಸುಮಾತು. ಫೋರ್ಟ್ ಕೊಚ್ಚಿಯ ವೆಳಿ ಎಂಬಲ್ಲಿ ಎರಡು ಕೋಣೆಯ ಮನೆ. ಮದುವೆಯಾಗಿರಲಿಲ್ಲ. ಚಂದ್ರಹಾಸರು ಬೆತ್ತದ ಮೋಡಾ ಎಳೆದು ಅವಳ ಬಾಯಿಯ ಹತ್ತಿರವೇ ಕುಳಿತರು. ಅವರಿಬ್ಬರ ಮಾತು ಎಂದಿನಿಂದಲೂ ಮಲಯಾಳದಲ್ಲಿ.

“ಮಗುವಿನ ಹಾಡು ತಟ್ಟೆಗೆ ಹೋಗುತ್ತದಂತೆ?” ಅವಳು ಪಿಸುಗುಟ್ಟಿದಳು.

“ನಿನ್ನ ಹಾಡು.”

“ನನ್ನದಾಗಿದ್ದರೆ ಮೂರು ಹಳ್ಳಿಗೆ ಕೇಳಿಸುತ್ತಿತ್ತು. ಚರ್ಚಿನ ಹಾಡಿನ ಮಾಸ್ಟರು ಏನು ಹೇಳುತ್ತಿದ್ದರು, ನೆನಪುಂಟಾ?”

“ಜಾಯ್ಸ್ ಹಾಡಿದರೆ ದಡದ ಸೈರನ್ ಅಂದುಕೊಂಡು ಹಡಗು ತಿರುಗುತ್ತದೆ.”

ಅವಳು ನಕ್ಕಳು, ಸದ್ದಿಲ್ಲದೆ, ಭುಜ ಮಾತ್ರ ಅಲುಗಿತು. ಆಮೇಲೆ ಅವರ ಮೊಣಕೈ ಹಿಡಿದಳು.

“ಚಂದ್ರು, ಒಂದು ಕೆಲಸ ಮಾಡು. ಆ ತಿರುಪನ್ನು ಹಿಂದಕ್ಕೆ ತಿರುಗಿಸು. ನನ್ನ ದನಿ ಈಗ ಎಲ್ಲಿಯೂ ಇಲ್ಲ. ಗಂಟಲಲ್ಲೂ ಇಲ್ಲ, ಕ್ಯಾಸೆಟ್ಟಿನಲ್ಲೂ ಇಲ್ಲ. ಒಂದು ಕಡೆಯಾದರೂ ಇರಲಿ.”

ಚಂದ್ರಹಾಸರು ಮಾಡುತ್ತೇನೆ ಎಂದರು.

ಗ್ರೀಷ್ಮಾ ಕೆಟ್ಟವಳಲ್ಲ. ಪೂರ್ತಿ ಕೇಳಿಸಿಕೊಂಡು, ಜರ್ಮನಿಗೆ ಮಾತಾಡಿ, ಉತ್ತರ ತಂದಳು. “ಚೇಟ್ಟಾ, ನಿಧಾನ ಮಾಡುವುದು ಕಂಪ್ಯೂಟರಿನಲ್ಲಿ ಒಂದು ನಿಮಿಷದ ಕೆಲಸ. ಎಷ್ಟು ನಿಧಾನ ಅಂತ ಹೇಳಿ. ಅಂದಾಜಿಗೆ ಬದಲಾಯಿಸಿದರೆ ಹಾಡನ್ನು ಹಾಳು ಮಾಡಿದಿರಿ ಅಂತ ಕೇಳುಗರು ನಮ್ಮ ಮೇಲೆ ಬೀಳುತ್ತಾರೆ. ಒಂದು ಆಧಾರ ಕೊಡಿ. ಈಸ್ಟರ್‌ವರೆಗೆ ಕಾಯುತ್ತಾರೆ.”

ಆಧಾರ ಎಲ್ಲಿಂದ ತರುವುದು? ಹಿಂದಿರುಗಿಸಿದ ಮೂಲ ಟೇಪಿನ ಮೇಲೆ ಸ್ಟುಡಿಯೋದವರು ಆ ವರ್ಷವೇ ಅಯ್ಯಪ್ಪನ ಹಾಡುಗಳನ್ನು ಹಿಡಿದಿದ್ದರು. ಟೇಪು ತುಟ್ಟಿಯಾಗಿದ್ದ ಕಾಲ, ಎಲ್ಲರೂ ಹಾಗೇ ಮಾಡುತ್ತಿದ್ದರು. ಚಾಲೈಯ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಹಳೆಯ ರೆಕಾರ್ಡಿಂಗಿನಲ್ಲಿ ಕರೆಂಟಿನ ಗುಂಯ್ ಸದ್ದು ಸಿಕ್ಕಿಬಿದ್ದಿರುತ್ತದೆ, ಅದರಿಂದ ವೇಗ ಕಂಡುಹಿಡಿಯಬಹುದು ಎಂದು ಗ್ರೀಷ್ಮಾಳ ಎಂಜಿನಿಯರ್ ಹೇಳಿದ. ಜನರೇಟರ್ ಎಂದು ಕೇಳಿದ ಮೇಲೆ, ಅದರ ಸದ್ದು ಒಂದೇ ಸಮ ಇರುವುದಿಲ್ಲ, ನಂಬಲಾಗದು ಎಂದ.

ಉಪೇಂದ್ರ ಮಟ್ಟಾಂಚೇರಿಯ ಅಂಗಡಿಯಲ್ಲೇ ಸಿಕ್ಕಿದ. ಶುಂಠಿಯ ದೂಳಿಗೆ ಮೂಗೊರೆಸಿಕೊಳ್ಳುತ್ತ ಕುಳಿತಿದ್ದ.

“ಮೂಲ ಟೇಪು ಎಪ್ಪತ್ತು ನಿಮಿಷ ಇತ್ತು” ಎಂದ ಖಚಿತವಾಗಿ.

“ಅರವತ್ತೇಳೋ ಏನೋ, ಅಷ್ಟೇ.”

“ನಿನಗೆ ನಿನ್ನ ಆರ್ಗನ್ ಬಿಟ್ಟು ಬೇರೆ ಏನು ನೆನಪಿದೆ? ಬಿಡು. ಎಡಾ, ಒಂದು ಮಾತು ಹೇಳುತ್ತೇನೆ. ಹೀಗೇ ಇರಲಿ. ಆ ವೇಗದಲ್ಲಿ ನನ್ನ ಬೆರಳು ನೋಡು, ಹೇಗೆ ಓಡುತ್ತದೆ. ಮೊಮ್ಮಗನಿಗೆ ಕೇಳಿಸಿದೆ, ಅಜ್ಜ ನೀನು ಮನುಷ್ಯನಾ ಅಂತ ಕೇಳಿದ. ಈಗ ನಿಧಾನ ಮಾಡಿ ಅವನ ಮುಂದೆ ನನ್ನ ಮರ್ಯಾದೆ ತೆಗೆಯುತ್ತೀಯಾ?”

“ಜಾಯ್ಸ್ ಕೇಳಿದ್ದಾಳೆ.”

ಉಪೇಂದ್ರ ಕೈಯ ದೂಳು ಕೊಡವಿದ. “ಅವಳು ಅವತ್ತು ಎರಡು ಚರಣ ಬಿಡುತ್ತೇನೆ ಅಂದಳು” ಎಂದ. ಆಮೇಲೆ, “ಆರ್ಗನ್ ಸಿಕ್ಕಿದರೆ ಗೊತ್ತಾಗುತ್ತದೆ” ಎಂದ.

ಆ ಮಾತು ಸರಿಯಾಗಿತ್ತು. ಪಿತ್ತಳೆಯ ರೀಡುಗಳ ಆರ್ಗನ್ ಎಷ್ಟು ವರ್ಷವಾದರೂ ತನ್ನ ಶ್ರುತಿಯನ್ನು ಹೆಚ್ಚುಕಡಿಮೆ ಕಾಪಾಡಿಕೊಂಡಿರುತ್ತದೆ. ಅದರ ಕೀಲಿಮಣೆಯ ಒಂದು ಮನೆ ಒತ್ತಿ ಕ್ಯಾಸೆಟ್ಟಿನ ಅದೇ ಸ್ವರದ ಜತೆ ಹೋಲಿಸಿದರೆ ಸಾಕು, ಎಷ್ಟು ವೇಗ ಏರಿದೆ ಎಂಬುದು ಹೊರಬರುತ್ತದೆ. ಚಾಪೆಲ್‌ಗೆ ಹೋಗಿ ವಿಚಾರಿಸಿದರು. ಕಟ್ಟಡ ರಿಪೇರಿ ಮಾಡಿಸಿದಾಗ ಹಳೆಯ ಸಾಮಾನಿನ ಜತೆ ಅದನ್ನೂ ಮಟ್ಟಾಂಚೇರಿಯ ಜುಬೈದಾಳ ಅಂಗಡಿಗೆ ಕೊಟ್ಟಿದ್ದರು. ಜುಬೈದಾಳದು ಹಳೆಯ ಬಾಗಿಲು, ತೊಟ್ಟಿಲು, ದೀಪಗಳ ವ್ಯಾಪಾರ. ಅವಳಿಗೆ ಆರ್ಗನ್ ಚೆನ್ನಾಗಿ ನೆನಪಿತ್ತು.

“ಒಳ್ಳೆಯ ಮರ, ಚೇಟ್ಟಾ. ಬರ್ಮಾ ತೇಗ. ಪಕ್ಕದ ಬೀದಿಯ ಹೋಮ್‌ಸ್ಟೇಗೆ ಹೋಯಿತು. ಹೋಗಿ ನೋಡಿ, ಚಂದ ಇಟ್ಟುಕೊಂಡಿದ್ದಾರೆ.”

ಚಂದವೇ ಇಟ್ಟುಕೊಂಡಿದ್ದರು. ಮೊದಲನೇ ಮಹಡಿಯ ಕೋಣೆಯೊಂದರ ಮೂಲೆಯಲ್ಲಿ, ಹೊಳೆಯುವ ಪಾಲಿಶ್ ಹೊಡೆದು, ಮೇಲ್ಭಾಗ ಕೊರೆದು ಬಿಳಿ ಪಿಂಗಾಣಿಯ ವಾಶ್‌ಬೇಸಿನ್ ಕೂರಿಸಿದ್ದರು. ಅಲಂಕಾರಕ್ಕೆಂದು ಕಪ್ಪು ಬಿಳಿ ಮನೆಗಳನ್ನು ಉಳಿಸಿ ಗೋಂದು ಹಾಕಿ ಅಂಟಿಸಿದ್ದರು. ಅವುಗಳ ಮೇಲೆ ಯಾರದೋ ಹಲ್ಲುಜ್ಜುವ ಬ್ರಷ್. ಚಂದ್ರಹಾಸರು ಬಗ್ಗಿ ಕೆಳಗಿನ ಹಲಗೆ ಸರಿಸಿ ನೋಡಿದರು. ಒಳಗೆ ನೀರಿನ ಕೊಳವೆ ಇತ್ತು. ತುಳಿಯುವ ಹಲಗೆಗಳೆರಡೂ ಹಾಗೇ ಇದ್ದವು. ಏಳುವಾಗ ಬಲಗಾಲು ತಾನಾಗಿ ಒಂದನ್ನು ಒತ್ತಿತು. ಗಾಳಿ ಬರಲಿಲ್ಲ.

“ಒಳಗಿನ ಪಿತ್ತಳೆ?” ಮರಳಿ ಬಂದು ಜುಬೈದಾಳನ್ನು ಕೇಳಿದರು.

“ಗುಜರಿಗೆ, ತೂಕಕ್ಕೆ ಹೋಯಿತಲ್ಲ” ಎಂದಳು ಅವಳು, ಅಷ್ಟು ಸಣ್ಣ ವಿಷಯಕ್ಕೆ ಇಷ್ಟು ದೂರ ಬಂದರಾ ಎಂಬಂತೆ.

ಉಳಿದದ್ದು ಒಂದೇ ಸಾಕ್ಷಿ, ಜಾಯ್ಸ್‌ಳ ಕಿವಿ. ಚಂದ್ರಹಾಸರು ಮನೆಗೆ ಬಂದು ಮಗಳು ತನುಶ್ರೀಯ ಲ್ಯಾಪ್‌ಟಾಪಿನ ಮುಂದೆ ಕೂತರು. ಮಗಳು ಟೆಕ್ನೋಪಾರ್ಕಿನಲ್ಲಿ ಕೆಲಸಕ್ಕಿದ್ದಳು. ಅವರು ಕನ್ನಡದಲ್ಲಿ ಹೇಳಿದ್ದಕ್ಕೆ ಅವಳು ಚಿಕ್ಕಂದಿನಿಂದಲೂ ಉತ್ತರ ಕೊಡುವುದು ಮಲಯಾಳ, ಇಂಗ್ಲಿಷಿನಲ್ಲಿ.

“ಇಟ್ಸ್ ಈಸಿ, ಅಪ್ಪಾ. ಎಷ್ಟು ಪರ್ಸೆಂಟ್ ಬೇಕು, ಪರಯೂ.”

“ಅದು ಗೊತ್ತಿದ್ದರೆ ನಿನ್ನ ಹತ್ತಿರ ಎಂತಕ್ಕೆ ಬರುತ್ತಿದ್ದೆ?”

ಕೊನೆಗೆ ಅವಳು ಬೇರೆ ಬೇರೆ ವೇಗದ ನಾಲ್ಕು ನಕಲು ಮಾಡಿಕೊಟ್ಟಳು. ಪರೀಕ್ಷೆಗಿರಲಿ ಎಂದು ಚಂದ್ರಹಾಸರು ಏನೂ ಬದಲಾಯಿಸದ ಮೂಲ ಕ್ಯಾಸೆಟ್ಟಿನದನ್ನೂ ಕೊನೆಗೆ ಸೇರಿಸಿಕೊಂಡರು. ಎಲ್ಲವನ್ನೂ ಕೇಳಿದರು. ಒಂದೊಂದು ಸಲ ಒಂದೊಂದು ಸರಿ ಎನಿಸಿತು. ಆರ್ಗನ್ ತನ್ನದೇ, ನುಡಿಸಿದ್ದು ತಾನೇ; ಆದರೂ ಇದು ಅದರ ಶ್ರುತಿ ಎಂದು ಕೈಯೆತ್ತಿ ಹೇಳಲು ಆಗಲಿಲ್ಲ. ಏನಿದ್ದರೂ ಹಾಡಿದವಳಿಗೆ ತನ್ನ ದನಿ ಗೊತ್ತಾಗದೆ ಇರುತ್ತದೆಯೇ ಎಂದುಕೊಂಡು ಗುಡ್ ಫ್ರೈಡೆಗೆ ಎರಡು ದಿನ ಮೊದಲು ರೈಲು ಹತ್ತಿದರು.

ಜಾಯ್ಸ್ ಕಾಯುತ್ತಿದ್ದಳು. ತಲೆ ಬಾಚಿ, ಒಳ್ಳೆಯ ಉಡುಪು ಹಾಕಿಕೊಂಡಿದ್ದಳು. ಹೆಡ್‌ಫೋನನ್ನು ಅವಳೇ ಕಿವಿಗೆ ಸರಿಯಾಗಿ ಕೂರಿಸಿಕೊಂಡು ಕಣ್ಣು ಮುಚ್ಚಿದಳು. ಚಂದ್ರಹಾಸರು ಮೊದಲನೆಯದನ್ನು ಹಾಕಿದರು.

“ಇದು ಗಂಡಸು” ಎಂದಳು.

ಎರಡನೆಯದಕ್ಕೆ ತುಟಿ ಬಿಗಿದಳು. “ಜ್ವರ ಬಂದ ಹಾಗಿದೆ. ಬೇಡ.”

ಮೂರನೆಯದನ್ನು ಅವಳು ತುಂಬ ಹೊತ್ತು ಕೇಳಿದಳು. ಚಂದ್ರಹಾಸರ ಮನಸ್ಸು ಹೆಚ್ಚು ವಾಲಿದ್ದದ್ದೂ ಅದರ ಕಡೆಗೇ. ಜಾಯ್ಸ್ ಕಣ್ಣು ತೆರೆದಳು.

“ಇದು ಅಮ್ಮಚ್ಚಿ” ಎಂದಳು. “ನಮ್ಮಮ್ಮ ಜಪಮಾಲೆ ಹೇಳುವಾಗ ಹೀಗೇ. ನಾನಲ್ಲ.”

“ಅಮ್ಮನ ದನಿ ನಿನಗೆ ಬಂದಿರಬಹುದಲ್ಲ?”

“ಬಂದಿರಬಹುದು. ಬಂದಿತ್ತಾ? ನೀನು ಹೇಳು.”

ಜಾಯ್ಸ್‌ಳ ದನಿಯನ್ನು ನೆನೆಯಲು ಹೊರಟರೆ ಚಂದ್ರಹಾಸರ ತಲೆಯಲ್ಲಿ ಏಳುತ್ತಿದ್ದದ್ದು ಕ್ಯಾಸೆಟ್ಟಿನ ದನಿ. ದಪ್ಪ ಇತ್ತು ಎಂಬ ಮಾತು ನೆನಪಿತ್ತು. ದಪ್ಪ ನೆನಪಿರಲಿಲ್ಲ.

ನಾಲ್ಕನೆಯದಕ್ಕೆ ಅವಳು ತಲೆಯಲ್ಲಾಡಿಸಿದಳು. “ಇದು ಯಾರು?” ಎಂದು ಕೇಳಿದಳು. ಈ ಸಲ ನಗಲಿಲ್ಲ.

ಐದನೆಯದು ಶುರುವಾಗುತ್ತಲೇ ಅವಳ ಮುಖ ಸಡಿಲವಾಯಿತು. ಬೆರಳು ಕುರ್ಚಿಯ ಕೈಮೇಲೆ ತಾಳ ಹಿಡಿಯಿತು. ಉಸಿರು ತೆಗೆದುಕೊಳ್ಳುವ ಜಾಗಗಳಲ್ಲಿ ಅವಳ ಎದೆ ಏರಿತು, ಪದ ಬರುವ ಮೊದಲೇ ತುಟಿ ಅಲುಗಿತು.

“ಇದು ನನಗೆ ಗೊತ್ತು” ಎಂದಳು.

ಚಂದ್ರಹಾಸರು ಹಾಡು ನಿಲ್ಲಿಸಿದರು. ಅದು ಬದಲಾಯಿಸದ ಹಳೆಯ ಕ್ಯಾಸೆಟ್ಟಿನದೇ ಎಂದು ಅವರ ಮುಖ ನೋಡಿಯೇ ಅವಳಿಗೆ ತಿಳಿಯಿತು. ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು ಅದರ ತಂತಿಯನ್ನು ನಿಧಾನವಾಗಿ ಸುತ್ತಿದಳು.

“ಇಷ್ಟು ವರ್ಷ ಇದನ್ನೇ ಕೇಳಿದ್ದೇನೆ ಚಂದ್ರು. ಬೇರೆಯದು ಎಲ್ಲಿಂದ ನೆನಪಿರುತ್ತದೆ?”

“ಮೂರನೆಯದನ್ನು ಹಾಕಿಸುತ್ತೇನೆ. ನೀನು ಹೂಂ ಅಂದರೆ ಸಾಕು. ಅದೇ ಆಧಾರ.”

“ಅಮ್ಮಚ್ಚಿಗೆ ಇಂಗ್ಲಿಷ್ ಬರುತ್ತಿರಲಿಲ್ಲ” ಎಂದಳು ಜಾಯ್ಸ್. “ಮಗುವೇ ಇರಲಿ. ಜನಕ್ಕೆ ಅದು ಬೇಕು. ನನ್ನ ಹೆಸರು ಮಾತ್ರ ಹಾಕಬೇಡಿ.”

“ಪದ ನಿನ್ನದಲ್ಲವಾ?”

“ಪದಕ್ಕೆ ಹಾಕಿ. ದನಿಗೆ ಬೇಡ.”

ಅವಳು ಒಳಗೆ ಹೋಗಿ ಹಾಲಿಲ್ಲದ ಕಟ್ಟನ್‌ಚಾಯ ಮಾಡಿ ತಂದಳು. ಬೇರೆ ಮಾತಾಡಿದರು, ಮೀನಿನ ದರ, ಉಪೇಂದ್ರನ ಮೊಮ್ಮಗ. ಹಿಂದಿರುಗುವಾಗ ಎರ್ನಾಕುಳಂಗೆ ಬೋಟಿನಲ್ಲಿ ಹೋದರು. ಹಡಗಿನ ದಾರಿಯಲ್ಲಿ ಡ್ರೆಜರ್ ನಿಂತಿತ್ತು, ಹಳೆಯದಲ್ಲ, ಬೇರೆ. ಅದರ ಕೊಳವೆಯಿಂದ ಕಪ್ಪು ನೀರು ಬೀಳುತ್ತಿತ್ತು. ಬೋಟಿನವರು ಯಾರೂ ಆ ಕಡೆ ನೋಡಲಿಲ್ಲ.

ತಟ್ಟೆಗಳು ಸೆಪ್ಟೆಂಬರಿನಲ್ಲಿ ಬಂದವು. ದಪ್ಪ ರಟ್ಟಿನ ಹೊದಿಕೆ, ಒಳಗೆ ಪುಸ್ತಿಕೆ. ಪುಸ್ತಿಕೆಯಲ್ಲಿ ಗಿಟಾರಿಗೂ ಡ್ರಮ್ಮಿಗೂ ಆರ್ಗನ್ನಿಗೂ ಪದಗಳಿಗೂ ಹೆಸರುಗಳಿದ್ದವು. ದನಿಯ ಮುಂದೆ ಜಾಗ ಖಾಲಿ ಬಿಟ್ಟಿದ್ದರು. ವಿಮರ್ಶೆ ಬರೆದವನೊಬ್ಬ ಆ ಖಾಲಿ ಜಾಗವನ್ನೂ ಹೊಗಳಿದ್ದಾನೆ ಎಂದು ತನುಶ್ರೀ ಓದಿ ಹೇಳಿದಳು. ಹುಡುಗರು ಈಗ ಮೊದಲಿಗಿಂತ ಹೆಚ್ಚು ಬರುತ್ತಾರೆ. ಚಂದ್ರಹಾಸರು ಹಳೆಯ ಉತ್ತರ ಕೊಡುವುದಿಲ್ಲ. ಹೆಸರು ಬೇಡ ಎಂದಿದ್ದಾಳಲ್ಲ, ಹಾಗಾಗಿ ಗೊತ್ತಿಲ್ಲ ಎನ್ನುತ್ತಾರೆ.

ಮನೆಗೆ ಯಾರೂ ಬಾರದ ಮಧ್ಯಾಹ್ನಗಳಲ್ಲಿ ಅವರು ಎರಡನೇ ತಟ್ಟೆಯನ್ನು ಹಾಕುತ್ತಾರೆ. ಆ ಎರಡು ಚರಣ ಬರುವ ಜಾಗಕ್ಕೆ ಮುಳ್ಳನ್ನು ಇಟ್ಟು, ಬಲಗೈಯ ತೋರುಬೆರಳನ್ನು ತಿರುಗುತ್ತಿರುವ ತಟ್ಟೆಯ ಅಂಚಿಗೆ ತಾಗಿಸುತ್ತಾರೆ. ಮೆಲ್ಲಗೆ ಒತ್ತಿದರೆ ಮಗು ದೊಡ್ಡದಾಗುತ್ತದೆ. ಇನ್ನೂ ಒತ್ತಿದರೆ ಹೆಂಗಸು, ಇನ್ನೂ ಒತ್ತಿದರೆ ಮುದುಕಿ, ಆಮೇಲೆ ಗಂಡಸು. ನಡುವೆ ಎಲ್ಲೋ ಒಂದು ಕಡೆ ಜಾಯ್ಸ್ ಹಾದುಹೋಗಿರಬೇಕು. ಬೆರಳು ಸಡಿಲಿಸಿ ಮೊದಲಿನಿಂದ ಮತ್ತೆ ಒತ್ತುತ್ತಾರೆ.

“ಎಂತದು ಅದು,” ಒಳಗಿನಿಂದ ಸುಮತಿ ಕೇಳುತ್ತಾಳೆ, “ಕರೆಂಟು ಹೋಗುತ್ತಾ ಉಂಟಾ?”

“ಇಲ್ಲ” ಎನ್ನುತ್ತಾರೆ ಚಂದ್ರಹಾಸರು, ಬೆರಳು ತೆಗೆಯದೆ.